ಪೇಟಿ ಬಿಡದ ಬಾಳಪ್ಪ

ಹೂಂ ಅನ್ನಲಿಕ್ಕೆ ಒಬ್ಬರಾದರೂ ಬೇಕು. ಹೂಂ ಅನ್ನುವವರಿಲ್ಲದೆ ಹೇಳಿದರೆ ಕತೆಯೊಳಗಿನ ಪೆದ್ದ ದಾರಿ ತಪ್ಪಿ, ಹೇಳುವವಳ ಮನೆಗೇ ಬಂದು ಕೂತುಬಿಡುತ್ತಾನೆ. ಅದಕ್ಕೇ ಹೂಂ ಅನ್ನಿ.

ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಇಲ್ಲಿಯವರ ಹಾಗೆ ಅಷ್ಟುದ್ದ ಹೆಸರು ಕರೆಯುವ ತಾಳ್ಮೆ ನಮ್ಮವರಿಗಿಲ್ಲ.

ಒಂದೂರಲ್ಲಿ ಸಂಗವ್ವ ಅಂತ ಒಬ್ಬಳಿದ್ದಳು. ಅವಳಿಗೆ ಬಾಳಪ್ಪ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಸಂಗವ್ವನ ಗಂಡ ಹನುಮಪ್ಪನ ಗುಡಿಯ ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದ. ಬಾರಿಸುವವನ ಮನೆಯಲ್ಲೇ ಮೇಳದ ಪೇಟಿ ಇರಬೇಕು, ಅದು ಆ ಊರಿನ ಪದ್ಧತಿ. ಗಂಡ ತೀರಿಕೊಂಡ. ಮನೆಯ ಸೂತಕ ಕಳೆಯಿತೋ ಇಲ್ಲವೋ, ಮೇಳದ ಹಿರಿಯ ರಾಚಪ್ಪ ಬಾಗಿಲಿಗೆ ಬಂದು ನಿಂತ.

"ಸಂಗವ್ವ, ಪೇಟಿ ಕೊಡು. ಇನ್ನ ನನ್ನ ಅಳಿಯ ಬಾರಸ್ತಾನ."

"ಯಾಕ್ರೀ ಅಣ್ಣಾರ? ನನ್ನ ಮಗ ಇಲ್ಲೇನು?"

"ನಿನ್ನ ಮಗಾ? ಅವಗ ಪೇಟಿ ಯಾವುದು, ಜೋಳದ ಡಬ್ಬಿ ಯಾವುದು ಅಂತರೇ ಗೊತ್ತೈತೇನು?"

"ಗೊತ್ತಾಗತೈತಿ. ಶ್ರಾವಣದ ಕಡೀ ಶನಿವಾರ ಇಡೀ ದಿನದ ಭಜನಿ ಐತೆಲ್ಲ, ಅವತ್ತ ಅವನ ಬಾರಸ್ತಾನ. ಬಂದು ಕೇಳ್ರಿ."

"ಬಾರಸಲಿಲ್ಲಂದ್ರ?"

"ಗುಡಿಯಿಂದನ ಪೇಟಿ ನಿಮ್ಮ ಮನಿಗೆ ಒಯ್ರಿ. ನಾ ಬಾಯಿ ತಗದು ಕೇಳೂದಿಲ್ಲ."

ಅಂದುಬಿಟ್ಟಳು. ರಾಚಪ್ಪ ಹೋದ ಮೇಲೆ ಮಗನ ಮುಖ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂತರೆ ಆಗುತ್ತದೆಯೇ? ಎದ್ದಳು.

"ಬಾಳ್ಯಾ, ಹುಸೇನಸಾಬ ಮಾಸ್ತರ ಹಂತೇಲಿ ಹೋಗು. ಪೇಟಿ ಕಲ್ತುಕೊಂಡು ಬಾ."

"ಹೂಂ ಯವ್ವಾ."

ಹುಸೇನಸಾಬ ಮಾಸ್ತರು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಪೇಟಿ ಬಾರಿಸಿದವರು. ಅವರ ಮನೆ ಕೆರೆಯ ಆಚೆ. ಬಾಳಪ್ಪ ಪೇಟಿ ತಲೆಯ ಮೇಲೆ ಹೊತ್ತು ಹೊರಟ. ತುಂತುರು ಮಳೆ ಬರುತ್ತಿತ್ತು. ಬರಲಿ, ಅವ್ವ ಹೋಗು ಅಂದಿದ್ದಳು, ಹೋದ. ಮಾಸ್ತರು ಪೇಟಿ ಮುಟ್ಟಿ ನೋಡಿದರು. ಮರ ಉಬ್ಬಿತ್ತು. ಸ್ವರ ಒತ್ತುವ ಪಟ್ಟಿಗೆ ನಮ್ಮಲ್ಲಿ ಮನೆ ಅನ್ನುತ್ತಾರೆ; ಒಂದು ಮನೆ ಒತ್ತಿದರೆ ಕೆಳಗೆ ಹೋದದ್ದು ಮೇಲೆ ಬರಲಿಲ್ಲ.

"ಏನೋ ಇದು? ಪೇಟಿಗೆ ಥಂಡಿ ತಾಗಬಾರದೋ. ಬೆಚ್ಚಗ ಇಡಬೇಕು. ಮ್ಯಾಲ ದಪ್ಪನ್ನ ಬಟ್ಟಿ ಹೊಚ್ಚಬೇಕು. ತಿಳೀತಾ?"

"ತಿಳೀತು ಮಾಸ್ತರ."

ಮಾಸ್ತರು ಒಣಗಿಸಿ, ಉಜ್ಜಿ, ಸರಿ ಮಾಡಿ ಕೊಟ್ಟರು.

ಮರುದಿನ ಬಾಳಪ್ಪ ಪಾಠಕ್ಕೆ ಕೂತ. ಮನೆಯಲ್ಲಿದ್ದ ದಪ್ಪ ಕೌದಿಯನ್ನೇ ತಂದಿದ್ದ. ಪೇಟಿಗೆ ಸುತ್ತಿ, ಮೇಲೊಂದು ಕಂಬಳಿ ಹೊದಿಸಿ, ಹಗ್ಗ ಬಿಗಿದಿದ್ದ. ಅದರ ಮೇಲೆಯೇ ಬೆರಳು ಆಡಿಸುತ್ತಿದ್ದ. ಹಿಂದಿನ ತಿದಿ ತೆರೆಯಲಿಲ್ಲ, ಗಾಳಿ ಹೋಗಲಿಲ್ಲ, ಪೇಟಿ ಕುಂಯ್ ಅನ್ನಲಿಲ್ಲ.

"ಎಲಾ ಪೆದ್ದಾ, ಅದಕ್ಕ ಉಸರು ಹೆಂಗ ಬರಬೇಕು? ಬಾರಸೂ ಮುಂದ ಮ್ಯಾಲಿಂದೆಲ್ಲ ತಗೀಬೇಕು."

"ಎಲ್ಲಾ?"

"ಎಲ್ಲಾ. ಹಗ್ಗ ಬಿಚ್ಚು, ಮನಿಗೆ ಹೋಗು. ನಾಳೆ ಬಾ."

ಬಾಳಪ್ಪ ಮನೆಗೆ ಬಂದು ಮೇಲಿನದೆಲ್ಲ ತೆಗೆದ. ಕೌದಿ ತೆಗೆದ. ಕಂಬಳಿ ತೆಗೆದ. ಮುಚ್ಚಳ ತೆಗೆದ. ಇನ್ನೂ ಮೇಲೆ ಕರಿ ಬಿಳಿ ಮನೆಗಳು ಕಾಣುತ್ತಿದ್ದವು. ಅವನ್ನೂ ಒಂದೊಂದಾಗಿ ಕಿತ್ತು ಮೊರದಲ್ಲಿ ಹರವಿದ. ಆಮೇಲೆ ತಿದಿ ಒತ್ತಿದ.

ಪೇಟಿಯೊಳಗೆ ಎಷ್ಟು ಸ್ವರಗಳಿದ್ದವೋ ಅಷ್ಟೂ ಒಟ್ಟಿಗೆ ಬಾಯಿ ತೆರೆದವು. ಎಮ್ಮೆ ಹಗ್ಗ ಹರಿದುಕೊಂಡಿತು. ಪಕ್ಕದ ಮನೆಯ ಮುದುಕಿ ಸತ್ತವರು ಯಾರು ಅಂತ ಕೇಳುತ್ತ ಹೊರಗೆ ಬಂದಳು. ಸಂಗವ್ವ ರೊಟ್ಟಿ ಬಿಟ್ಟು ಓಡಿ ಬಂದಳು.

"ಏನ್ ಮಾಡಿದ್ಯೋ ಬಾಳ್ಯಾ?"

"ಮ್ಯಾಲಿಂದೆಲ್ಲ ತಗಿ ಅಂದ್ರು ಯವ್ವಾ. ತಗದೆ."

ಮೊರದ ಸಮೇತ ಮಾಸ್ತರರ ಮನೆಗೆ ಹೋಗಬೇಕಾಯಿತು. ಮಾಸ್ತರು ಒಂದೊಂದು ಮನೆಯನ್ನೂ ಅದರದರ ಜಾಗದಲ್ಲಿ ಕೂಡಿಸುತ್ತ ಬೈದರು.

"ಎಲ್ಲಾರೂ ಒಮ್ಮಿಗೇ ಒದರಿದ್ರ ಅದು ಹಾಡಲ್ಲೋ, ಜಗಳ. ಒಬ್ಬರಾದ ಮ್ಯಾಲ ಒಬ್ಬರು. ಒಬ್ಬರ ಸರದಿ ಇದ್ದಾಗ ಉಳಿದವರ ಬಾಯಿ ಮುಚ್ಚಿರಬೇಕು. ಅದಕ್ಕ ಸಂಗೀತ ಅಂತಾರ."

"ಈಗ ತಿಳೀತು ಮಾಸ್ತರ."

ತಿಳಿಯಿತು ಅಂದನಲ್ಲ, ಅಲ್ಲಿಂದ ನೆಟ್ಟಗೆ ಗುಡಿಗೆ ಹೋದ. ಮೇಳದವರು ತಾಲೀಮಿಗೆ ಕೂತು ಎಲ್ಲರೂ ಕೂಡಿ ಎತ್ತಿದ ದನಿಯಲ್ಲಿ ಹಾಡುತ್ತಿದ್ದರು. ಬಾಳಪ್ಪ ನಡುವೆ ನುಗ್ಗಿ ತಾಳದವನ ಬಾಯಿ ಮುಚ್ಚಿದ. ದಮ್ಮಡಿ ಬಡಿಯುವವನ ಬಾಯಿ ಮುಚ್ಚಿದ. ರಾಚಪ್ಪನ ಬಾಯಿಗೂ ಅಂಗೈ ಒತ್ತಿ ಹಿಡಿದ.

"ಸುಮ್ಮನಿರ್ರಿ. ನಿಮ್ಮ ಸರದಿ ಇನ್ನೂ ಬಂದಿಲ್ಲ."

ರಾಚಪ್ಪ ಕೈ ಕಿತ್ತು ಹಾಕಿ ಎದ್ದು ಕುಣಿದಾಡಿದ. ಊರೆಲ್ಲ ಕೇಳುವ ಹಾಗೆ ಸಂಗವ್ವನ ಬಾಗಿಲಲ್ಲಿ ನಿಂತು ಹೇಳಿ ಹೋದ. "ಪೇಟಿ ಒರಸಿ ಇಡು ಸಂಗವ್ವ. ನನ್ನ ಅಳಿಯಗ ಧೂಳ ಆಗಿಬರೂದಿಲ್ಲ."

"ಒರಸಿ ಇಡ್ತೀನ್ರಿ," ಅಂದಳು ಸಂಗವ್ವ. "ನನ್ನ ಮಗಗೂ ಧೂಳ ಆಗಿಬರೂದಿಲ್ಲ."

ಬಾಗಿಲು ಹಾಕಿಕೊಂಡು ಮಗನ ಕಿವಿ ಹಿಂಡಿದಳು.

"ಹಾಡೋರ ಬಾಯಿ ಮುಚ್ಚತಾರೇನೋ? ಹಾಡೋರು ಮುಂದ, ಪೇಟಿ ಹಿಂದ. ರಾಚಪ್ಪಣ್ಣ ಹಾಡಿದ್ರ ಸಾಕು, ಅವನ ಹಿಂದಿಂದ ನೀ ಬಾರಸಬೇಕು. ಬಿಡಬಾರದು."

"ಆಗಲಿ ಯವ್ವಾ. ಬಿಡೂದಿಲ್ಲ."

ಮಾರನೆಯ ಬೆಳಗ್ಗೆ ರಾಚಪ್ಪ ತಂಬಿಗೆ ಹಿಡಿದು ಕೆರೆಯ ಕಡೆ ಹೊರಟ. ಹೊರಟವನು ಸುಮ್ಮನೆ ಹೋಗಬಾರದೇ? ಒಂದು ಪದ ಗುನುಗಿಕೊಂಡು ಹೊರಟ. ಬಾಳಪ್ಪನಿಗೆ ಅಷ್ಟು ಸಾಕಾಯಿತು. ಪೇಟಿಗೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡು, ಕುಂಯ್ ಕುಂಯ್ ಅನ್ನಿಸುತ್ತ ಹಿಂದಿನಿಂದ ನಡೆದ. ರಾಚಪ್ಪ ತಿರುಗಿ ನೋಡಿ ಹಾಡು ನಿಲ್ಲಿಸಿದ. ಬಾಳಪ್ಪ ಪೇಟಿ ನಿಲ್ಲಿಸಿದ.

"ಎಲ್ಲಿಗೆ ಬಂದ್ಯೋ?"

"ನೀವು ಹಾಡಿದ್ರಿ, ನಾ ಬಂದೆ. ಹಾಡ್ರಿ ಮುಂದ."

ರಾಚಪ್ಪ ಜಾಲಿಗಿಡಗಳ ಮರೆಗೆ ಹೋಗಿ ಕೂತ. ಕೂತಲ್ಲಿ ತಿಣುಕುತ್ತ ಸಣ್ಣಗೆ ನರಳಿದ. ಆ ಕಡೆಯಿಂದ ಪೇಟಿಯೂ ಸಣ್ಣಗೆ ನರಳಿತು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ರಾಚಪ್ಪ ಅವತ್ತು ತಂಬಿಗೆ ಅಲ್ಲೇ ಬಿಟ್ಟು ಮನೆ ಸೇರಿದ.

ಸಂಗವ್ವನಿಗೆ ಸುದ್ದಿ ಮುಟ್ಟಿತು. ಬೈಯಲಿಕ್ಕೆ ಬಾಯಿ ತೆರೆದಳು, ನಗು ಬಂತು. ನಕ್ಕು ಮುಗಿಸಿ ಅತ್ತಳು. ಕಡೆಯ ಶನಿವಾರ ಎದುರಿಗೇ ಇತ್ತು. ಮಾಸ್ತರರ ಹತ್ತಿರ ಹೋಗಿ ಕೇಳಿದಳು.

"ಇವಗ ಏನರೇ ಬರತೈತೇನ್ರಿ ಮಾಸ್ತರ?"

"ಹಾಡು ಬರೂದಿಲ್ಲ ತಂಗಿ. ಆದ್ರ ಒಂದು ಸಾ ಹಿಡದ್ರ ಬಂಡಿ ಎಳದ್ರೂ ಅಲುಗೂದಿಲ್ಲ. ಅಷ್ಟ ಮಾಡಲಿ. ಶ್ರುತಿ ಗಟ್ಟಿ ಇದ್ರ ಹಾಡೋರಿಗೆ ಬ್ಯಾರೆ ಏನು ಬೇಕು?"

ಶನಿವಾರ ಬಂತು. ಸಂಗವ್ವ ಮಗನನ್ನು ಗುಡಿಯ ಕಟ್ಟೆಯ ಮೇಲೆ, ಹಲಗೆ ಹಾಕಿ ಕೂಡಿಸಿದಳು. ಮಾಸ್ತರು ತೋರಿಸಿಕೊಟ್ಟ ಬಿಳಿ ಮನೆಯ ಮೇಲೆ ಅವನ ಬೆರಳು ಇಟ್ಟಳು.

"ಕೇಳೋ ಮಗನ. ಕುಂತಲ್ಲಿಂದ ಏಳಬ್ಯಾಡ. ಈ ಸಾ ಬಿಡಬ್ಯಾಡ. ಯಾರು ಬರಲಿ, ಏನರ ಅನ್ನಲಿ, ತಿದಿ ನಿಲ್ಲಸಬ್ಯಾಡ."

"ಹೂಂ ಯವ್ವಾ."

ಆ ಭಜನೆಗೊಂದು ಕಟ್ಟಳೆ. ಸೂರ್ಯ ಹುಟ್ಟಿದಾಗ ಎತ್ತಿದ ನಾದ ಅವನು ಮುಳುಗುವವರೆಗೆ ಮುರಿಯಬಾರದು. ನುಡಿಯುವ ಪೇಟಿಯನ್ನು ಬಿಟ್ಟು ಮೇಳ ಹೋಗಬಾರದು, ಅದಕ್ಕೆ ಯಾರೂ ಕೈ ಹಾಕಬಾರದು. ಹಾಕಿದವನು ಮೇಳಕ್ಕೆ ಹೊರಗು. ಬೆಳಗ್ಗೆ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಹೇಳಿದವನು ರಾಚಪ್ಪನೇ.

ಬಾಳಪ್ಪ ಸಾ ಹಿಡಿದ. ಮೇಳ ಹಾಡಿತು. ಮಧ್ಯಾಹ್ನವಾಯಿತು, ಸಾ ಅಲುಗಲಿಲ್ಲ. ರಾಚಪ್ಪನಿಗೆ ಕಸಿವಿಸಿ ಶುರುವಾಯಿತು. ಪಕ್ಕಕ್ಕೆ ಬಂದು ಪಿಸುಗುಟ್ಟಿದ.

"ಬಾಳಪ್ಪ, ಹೋಳಿಗಿ ಮಾಡ್ಯಾರ. ಎದ್ದು ಉಂಡು ಬಾ."

"ನೀವು ಉಣ್ರಿ."

"ನಿಮ್ಮ ಎಮ್ಮಿ ಹಗ್ಗ ಹರಕೊಂಡೈತಿ."

"ಹರಕೊಳ್ಳಲಿ."

"ನಿಮ್ಮ ಮನಿಗೆ ಬೆಂಕಿ ಬಿದ್ದೈತೋ."

"ಬೀಳಲಿ. ನಮ್ಮವ್ವ ನಿಲ್ಲಸಬ್ಯಾಡ ಅಂದಾಳ."

ಸೂರ್ಯ ಮುಳುಗಿದ. ಮಂಗಳಾರತಿ ಆಯಿತು. ತಾಳ ನಿಂತಿತು, ದಮ್ಮಡಿ ನಿಂತಿತು. ಪೇಟಿ ನಿಲ್ಲಲಿಲ್ಲ. ರಾಚಪ್ಪ ಮುಂದೆ ಬಂದ.

"ಒಂದ ಸ್ವರ ಒತ್ತಿಕೊಂಡು ಕುಂತ್ರ ಅದು ಬಾರಸಿದಂಗಲ್ಲ. ಪೇಟಿ ಇತ್ಲಾಗ ತಾ."

ಕೈ ಚಾಚಿದ. ತಾಳದವನು ಅವನ ರಟ್ಟೆ ಹಿಡಿದ. "ನಾದ ನಡದೈತ್ರಿ ಹಿರ್ಯಾರ. ಕೈ ಹಾಕಿದ್ರ ಮೇಳಕ್ಕ ಹೊರಗು. ಮುಂಜಾನೆ ನೀವ ಅಂದೀರಿ."

ರಾಚಪ್ಪ ಚಾಚಿದ ಕೈಯಿಂದ ಮೀಸೆ ತೀಡಿಕೊಂಡ. ನಾದ ನಡೆದಿರುವಾಗ ಮೇಳ ಪೇಟಿ ಬಿಟ್ಟು ಹೋಗುವಂತಿಲ್ಲ. ಎಲ್ಲರೂ ಮತ್ತೆ ಕೂತರು. ಹಾಡಿದ ಪದವನ್ನೇ ಮತ್ತೆ ಹಾಡಿದರು. ಗಂಟಲು ಬಿದ್ದುಹೋಯಿತು. ಕಡೆಗೆ ರಾಚಪ್ಪನೇ ಸಂಗವ್ವನ ಕಡೆ ತಿರುಗಿದ.

"ನಿಲ್ಲಸಾಕ ಹೇಳವ್ವಾ ತಾಯಿ."

"ಪೇಟಿ ಯಾರ ಮನ್ಯಾಗ ಇರಬೇಕು? ಮೊದಲ ಅದನ್ನ ಹೇಳ್ರಿ."

"ನಿಮ್ಮ ಮನ್ಯಾಗ ಇರಲಿ."

"ಎಲ್ಲಾರೂ ಕೇಳಿದ್ರಿಲ್ಲೋ?"

ಕೇಳಿದೆವು ಅಂದರು ಎಲ್ಲರೂ. ಸಂಗವ್ವ ಮಗನ ತಲೆ ಸವರಿದಳು.

"ಸಾಕು ಬಾಳ್ಯಾ. ನಿಲ್ಲಸು. ಏಳು, ಮನಿಗೆ ಹೋಗೂಣು."

ಬಾಳಪ್ಪ ತಿದಿ ಒತ್ತುತ್ತಲೇ ಇದ್ದ. "ಯಾರು ಬಂದ್ರೂ, ಏನಂದ್ರೂ ನಿಲ್ಲಸಬ್ಯಾಡ, ಏಳಬ್ಯಾಡ ಅಂದಿ. ನೀನೂ ಬಂದಿ, ಏನೋ ಅನ್ನಾಕತ್ತಿ."

ಹೇಳಿ ನೋಡಿದಳು, ಬೈದು ನೋಡಿದಳು, ಆಗಲಿಲ್ಲ. ಕಡೆಗೆ ಮೇಳದವರು ಹಲಗೆಯ ಮೂಲೆಗೊಬ್ಬರಂತೆ ಹಿಡಿದು, ಬಾಳಪ್ಪನನ್ನು ಕೂತ ಹಾಗೇ, ಪೇಟಿ ನುಡಿಯುತ್ತಿದ್ದ ಹಾಗೇ ಹೊತ್ತುಕೊಂಡು ಹೊರಟರು. ಒಂದು ಮೂಲೆ ರಾಚಪ್ಪನ ಹೆಗಲ ಮೇಲೆ. ಮುಂದೆ ಸಂಗವ್ವ, ತಲೆ ಎತ್ತಿ ನಡೆದಳು.

ಮನೆ ಬಂತು. ಹಲಗೆ ಅಗಲ, ಬಾಗಿಲು ಸಣ್ಣದು. ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಒಳಗೆ ಹೋಗಲಿಲ್ಲ.

"ಇನ್ನರೆ ಏಳಾಕ ಹೇಳ ಸಂಗವ್ವ," ಅಂದ ರಾಚಪ್ಪ. "ಹೆಗಲ ಬಿದ್ದು ಹೋತು."

ಸಂಗವ್ವ ಮಗನನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಹೇಳಿದ್ದು ಕೇಳಿಕೊಂಡು ಕುಂತ ಮಗನ್ನ ನಾನ್ಯಾಕ ಎಬ್ಬಸಲಿ? ಗುದ್ದಲಿ ಕೊಡ್ತೀನಿ ತಡೀರಿ. ಚೌಕಟ್ಟು ಕೀಳ್ರಿ."