ಹೆಬ್ಬೆಟ್ಟುಗುಡ್ಡ

ಹಾಲುಮರಡಿ ದಾಟಿ ಎರಡು ಮೈಲಿ ಹೋದರೆ ರಸ್ತೆಯ ಎಡಕ್ಕೆ, ಅರ್ಧ ಹೋಳು ಮಾಡಿಟ್ಟ ಕುಂಬಳಕಾಯಿಯಂತೆ ಒಂದು ಗುಡ್ಡ ಕಾಣುತ್ತದೆ. ಅಲ್ಲಿಯ ಬಸ್ ನಿಲ್ದಾಣದ ಫಲಕದಲ್ಲಿ ‘ಮಾಜಿ ಲೋಕಸಭಾ ಸದಸ್ಯ ತಿಪ್ಪೇರುದ್ರಪ್ಪನವರ ವೃತ್ತ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಬರೆದವನಿಗೆ ಕೂಲಿ ಸಿಕ್ಕಿದ್ದೊಂದೇ ಅದರಿಂದಾದ ಉಪಕಾರ. ಕಂಡಕ್ಟರು ಮಾತ್ರ ‘ಹೆಬ್ಬೆಟ್ಟುಗುಡ್ಡ ಇಳ್ಯೋರು ಬನ್ರಿ’ ಎಂದೇ ಕೂಗುತ್ತಾನೆ. ಗುಡ್ಡದ ಉಳಿದರ್ಧದಲ್ಲಿ ನುಣುಪಾದ ಒಂದು ಬಂಡೆಯಿದೆ. ಅದರ ಮೇಲೆ ಕೆಮ್ಮಣ್ಣಿನಲ್ಲಿ ಒತ್ತಿದ ಹೆಬ್ಬೆಟ್ಟುಗಳು ಸಾಲು ಸಾಲಾಗಿ ಇವೆ. ಎಷ್ಟು ಮಳೆ ಬಂದರೂ ಅವು ತೊಳೆದುಹೋಗುವುದಿಲ್ಲ ಎನ್ನುತ್ತಾರೆ.

ಹಿಂದೆ ಒಮ್ಮೆ, ತಾಲ್ಲೂಕಿಗೆಲ್ಲ ಮೂವರೇ ವಕೀಲರಿದ್ದ ಕಾಲದಲ್ಲಿ, ಪಕ್ಕದ ಕೇರಿಯವರು ಈ ಗುಡ್ಡದ ಬುಡದಲ್ಲಿ ಎಳೆಗೂಸುಗಳನ್ನು ಹೂಳುತ್ತಿದ್ದರು. ಹಲ್ಲು ಮೂಡದ ಮಕ್ಕಳನ್ನು ದೊಡ್ಡವರ ಸ್ಮಶಾನಕ್ಕೆ ಒಯ್ಯುವುದು ಕೇರಿಯ ಪದ್ಧತಿಯಲ್ಲ. ಆ ಕೇರಿಯ ಓಬಕ್ಕನ ಏಳು ತಿಂಗಳ ಮಗಳೂ ಅಲ್ಲೇ ಮಲಗಿದ್ದಳು. ಕಲ್ಲುಗಣಿಯ ಸಾಹುಕಾರನೊಬ್ಬ ಗುಡ್ಡವನ್ನು ಗುತ್ತಿಗೆಗೆ ಹಿಡಿದು ಬಂದಾಗ ಗಂಡಸರೆಲ್ಲ ತಲೆ ಕೆರೆದುಕೊಂಡು ನಿಂತರು. ಓಬಕ್ಕ ನಡೆದೇ ಪೇಟೆಗೆ ಹೋಗಿ ತಿಪ್ಪೇರುದ್ರಪ್ಪನ ಜಗುಲಿಯ ಮೇಲೆ ಕುಳಿತಳು. ಆಗಿನ್ನೂ ಅವನು ಸೈಕಲ್ಲಿನ ವಕೀಲ. ಕರಿಕೋಟಿನ ಮೊಣಕೈ ಹರಿದಿತ್ತು, ಮಾತು ಹರಿದಿರಲಿಲ್ಲ. ವಕಾಲತ್ತಿಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಕೋರ್ಟಿನಲ್ಲಿ ಗುಡುಗಿ ತಡೆಯಾಜ್ಞೆ ತಂದ. ಕೇರಿಯ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಹೆಗಲಿನಿಂದ ಅವನು ಇಳಿಯಲೇ ಇಲ್ಲ; ಮುಂದಿನ ಚುನಾವಣೆಯಲ್ಲಿ ಅದರ ಮೇಲೆ ಕುಳಿತೇ ದಿಲ್ಲಿ ಸೇರಿದ.

ತಡೆಯಾಜ್ಞೆ ಎಂದರೆ ತೀರ್ಪಲ್ಲ. ವ್ಯಾಜ್ಯ ಇನ್ನೂ ನಡೆಯಬೇಕಿತ್ತು. ಪ್ರತಿ ವಾಯಿದೆಗೂ ಓಬಕ್ಕ ಕೋರ್ಟಿಗೆ ಹೋಗುವಳು, ಜವಾನ ಅವಳ ಹೆಸರು ಕೂಗುವನು. “ನಿನ್ನ ವಕೀಲರೆಲ್ಲಮ್ಮಾ?” ಎಂದು ನ್ಯಾಯಾಧೀಶರು ಕೇಳಿದರೆ “ದಿಲ್ಲಿಯಾಗೆ ಅವ್ರೆ ಸ್ವಾಮಿ” ಎನ್ನುವಳು. ಕೋರ್ಟೆಲ್ಲ ನಗುತ್ತಿತ್ತು. ಹಿಂತಿರುಗುವ ದಾರಿಯಲ್ಲಿ ಗುಡ್ಡಕ್ಕೆ ಬಂದು, ಕೆಮ್ಮಣ್ಣು ಕಲಸಿ, ಮಗಳ ಗುಣಿಯತ್ತ ಮುಖಮಾಡಿದ ಬಂಡೆಗೆ ಹೆಬ್ಬೆಟ್ಟು ಒತ್ತಿ, “ಇವತ್ತೂ ಹೋಗಿದ್ದೆ ಕಣವ್ವಾ” ಎಂದು ಹೇಳಿ ಮನೆಗೆ ಹೋಗುತ್ತಿದ್ದಳು.

ಹೊಸದಾಗಿ ಬಂದ ಎಳೆಯ ವಕೀಲನೊಬ್ಬ ಅವಳನ್ನು ಕಂಡು ಮರುಗಿ, “ಇಲ್ಲೊಂದು ಹೆಬ್ಬೆಟ್ಟು ಒತ್ತಕ್ಕಾ, ಬಿಟ್ಟಿಯಾಗಿ ನಡೆಸ್ತೀನಿ” ಎಂದ. ಓಬಕ್ಕ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆ ಕೇರಿಯಲ್ಲಿ ಹೆಬ್ಬೆಟ್ಟು ಒತ್ತುವುದೆಂದರೆ ಆಣೆ ಇಟ್ಟಂತೆ. ಒಬ್ಬರಿಗೆ ಕೊಟ್ಟ ಹೆಬ್ಬೆಟ್ಟನ್ನು ಅವರೇ ಬಾಯಿಬಿಟ್ಟು ಹಿಂದಿರುಗಿಸುವ ತನಕ ಅದೇ ಕೆಲಸಕ್ಕೆ ಇನ್ನೊಬ್ಬರಿಗೆ ಕೊಡಕೂಡದು. ಅದಕ್ಕಾಗಿಯೇ ಅವಳು, ತಿಪ್ಪೇರುದ್ರಪ್ಪ ಸನ್ಮಾನಕ್ಕೆಂದು ಪೇಟೆಗೆ ಬಂದ ದಿನ, ಹಾರ ಹಿಡಿದವರ ನಡುವೆ ನುಗ್ಗಿ ಕಾರಿಗೆ ಅಡ್ಡ ನಿಂತಳು.

“ನೀವಾದ್ರೂ ಬರ್ರಿ, ಇಲ್ಲಾ ನನ್ ಹೆಬ್ಬೆಟ್ಟು ವಾಪಸ್ ಕೊಡ್ರಿ ಸ್ವಾಮಿ.”

ಜನರೆದುರು ಅವನಿಗೆ ಮುಖಭಂಗವಾಯಿತು. “ಬೇರೆ ವಕೀಲ ಯಾಕವ್ವಾ, ನಾನೇನು ಸತ್ತೋಗಿದೀನಾ? ಮುಂದಿನ ವಾಯಿದೆಗೆ ನಾನೇ ನಿಂತ್ಕೋತೀನಿ” ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಓಬಕ್ಕನೂ ನಂಬಿದಳು.

ಆ ವಾಯಿದೆಯ ದಿನ ಅವನು ಲೋಕಸಭೆಯಲ್ಲಿ ಎದ್ದು ನಿಂತು ಬಡವರ ನೆಲದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದನಂತೆ. ಪತ್ರಿಕೆಯಲ್ಲಿ ಫೋಟೊ ಸಹ ಬಂತು. ಇಲ್ಲಿ ಓಬಕ್ಕ ಒಬ್ಬಳೇ ನಿಂತಿದ್ದಳು. ವಾದ ನಡೆಸುವವರಿಲ್ಲವೆಂದು ದಾವೆ ವಜಾ ಆಯಿತು, ತಡೆಯಾಜ್ಞೆಯೂ ಹೋಯಿತು. ಹದಿನೈದೇ ದಿನಕ್ಕೆ ಗುಡ್ಡದ ಬುಡದಲ್ಲಿ ಮದ್ದು ಸಿಡಿಯಿತು. ಓಬಕ್ಕ ಓಡಿಬರುವ ಹೊತ್ತಿಗೆ ಯಾವ ಗುಣಿ ಯಾರದೆಂದು ಹೇಳುವಂತೆಯೇ ಇರಲಿಲ್ಲ. ಅವಳು ಅಳಲಿಲ್ಲ, ಬಂಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಅವಳು ಕುಳಿತಿದ್ದ ಕಡೆಗೆ ಕಲ್ಲು ಒಡೆಯುವವರು ಉಳಿ ಹಚ್ಚಲಿಲ್ಲ. ಗುಡ್ಡದ ಆ ಅರ್ಧ ಉಳಿದದ್ದು ಹಾಗೆ ಎನ್ನುತ್ತಾರೆ.

ಮೂರನೆಯ ಚುನಾವಣೆಯಲ್ಲಿ ಸೋತು, ಹಾರ ಹಾಕುವವರೆಲ್ಲ ಬೇರೆ ಕೊರಳು ಹುಡುಕಿಕೊಂಡ ಮೇಲೆ, ತಿಪ್ಪೇರುದ್ರಪ್ಪ ಕೋಲೂರಿಕೊಂಡು ಗುಡ್ಡಕ್ಕೆ ಬಂದ. ಓಬಕ್ಕನ ತಲೆಯೂ ನರೆತಿತ್ತು. ಬಂಡೆಯ ಮೇಲಿನ ಸಾಲುಗಳನ್ನು ಅವನು ತುದಿಯಿಂದ ತುದಿಯವರೆಗೆ ನೋಡಿದ.

“ನಿನ್ನ ಹೆಬ್ಬೆಟ್ಟು ನಿನಗೆ ಕೊಟ್ಟಿದೀನಿ ಓಬಕ್ಕ, ತಗೋ” ಎಂದ.

ಓಬಕ್ಕ ಕೆಳಗಿನ ಹೊಂಡವನ್ನೇ ನೋಡುತ್ತ ಕೇಳಿದಳು: “ತಗಂಡು ಈಗ ಎಲ್ಲಿ ಒತ್ಲಿ ಸ್ವಾಮಿ?”

ಈಗ ಆ ಹೊಂಡದಲ್ಲಿ ಹಸಿರು ನೀರು ನಿಂತಿದೆ. ನೋಡಲು ಬಂದವರು ಬಂಡೆಯ ಗುರುತುಗಳ ಮೇಲೆ ತಮ್ಮ ಬೆರಳಿಟ್ಟು ಅಳತೆ ನೋಡುತ್ತಾರೆ, ಮಳೆಗೂ ಅಳಿಯದ ಸೋಜಿಗಕ್ಕೆ ಕೈಮುಗಿಯುತ್ತಾರೆ. ಹತ್ತಿರದಿಂದ ನೋಡಿದರೆ ಗುರುತುಗಳೆಲ್ಲ ಒಂದೇ ಅಳತೆಯವಲ್ಲ. ಕೆಲವು ಅಗಲ, ಕೆಲವು ತೀರ ಸಣ್ಣವು, ಕೆಲವಂತೂ ನಿನ್ನೆ ಮೊನ್ನೆ ಒತ್ತಿದಷ್ಟು ಕೆಂಪು. ಕೇರಿಯ ಹೆಂಗಸರನ್ನು ಕೇಳಿದರೆ ನಮಗೇನೂ ಗೊತ್ತಿಲ್ಲ ಎನ್ನುತ್ತಾರೆ. ಹಾಗೆನ್ನುತ್ತ ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಾರೆ.