ಜೋಡಿ ವಚನದ ಇಸಾಕಪ್ಪ

ಬರ್ರಿ, ಕುಂಡ್ರಿ. ನಮ್ಮ ಹಿರೇಬಾವಿ ಮಿಶನ್ ಕೇರ್ಯಾಗ ನಡದದ್ದು ಹೇಳತೀನಿ. ನಾ ಅಲ್ಲಿ ಚರ್ಚಿನ ಗಂಟಿ ಹೊಡೆಯಾಂವ. ಮೂವತ್ತು ವರ್ಷ ಹಗ್ಗ ಜಗ್ಗೀನಿ. ಇದರಾಗ ಒಂದು ಸುಳ್ಳಿದ್ರ ಗಂಟಿ ಹರದು ನನ್ನ ತಲಿ ಮ್ಯಾಲೆ ಬೀಳಲಿ!

ಸುವಾರ್ತವ್ವ ಅಂತ ಒಬ್ಬಾಕಿ ಇದ್ದಳು. ಗಂಡ ತೀರಿಕೊಂಡಿದ್ದ. ಮಗ ಒಬ್ಬನೇ, ಇಸಾಕಪ್ಪ. ಆಳು ಅಂದ್ರ ಆಳು, ಬಾಗಲದಾಗ ಬಗ್ಗಿ ಬರಬೇಕು. ಮಗ್ಗದ ಮುಂದ ಕುಂತ್ರ ಎರಡು ದಿನಕ್ಕೊಂದು ಸೀರಿ ನೇಯಾಂವ. ಆದ್ರ ತಲಿ? ಆ ತಲ್ಯಾಗ ಗಾಳಿ ಸೈತ ಇರಲಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಒಂದೆಳಿ ಹೆಚ್ಚಿಲ್ಲ, ಒಂದೆಳಿ ಕಡಿಮಿಲ್ಲ.

"ಯಪ್ಪಾ, ನಿನ್ನ ಹೆತ್ತ ಈ ಹೊಟ್ಟಿಗೆ ಏನು ಹೇಳಲೋ!" ಅಂತ ಸುವಾರ್ತವ್ವ ಹಣಿ ಬಡಕೊಂತಿದ್ದಳು.

"ಏನು ಹೇಳಬೇಕವ್ವಾ?" ಅಂತ ಇಂವಾ ಬಗ್ಗಿ ಅವ್ವನ ಹೊಟ್ಟಿ ಕಡೆ ನೋಡಾಂವ.

ಇಂಥಾವಗ ಹೆಣ್ಣು ಕೊಡಾವ್ರು ಯಾರು? ಆದ್ರ ಪಕ್ಕದ ಓಣಿ ರಾಹೇಲವ್ವನ ಮಗಳು ಲೀದಿಯಾಗ ಇಂವನ ಮ್ಯಾಲೇ ಮನಸು. ಯಾಕ ಅಂತ ನನ್ನ ಕೇಳಬ್ಯಾಡ್ರಿ. ಕೊಟ್ರ ಇವಂಗ ಕೊಡು, ಇಲ್ಲಂದ್ರ ಹಿಂಗ ಇರತೀನಿ ಅಂತ ಹಟ ಹಿಡದು ಕುಂತಿದ್ದಳು. ರಾಹೇಲವ್ವನೂ ವಿಧವಿ. ಆಕಿ ಬಾಯಿ ತೆಗದ್ರ ಚರ್ಚಿನ ಪಾದ್ರಿ ಅಯ್ಯನವರು ಸೈತ ಛತ್ರಿ ಮಡಚಿಕೊಂಡು ದಾರಿ ಬಿಡಬೇಕು.

ನಮ್ಮ ಕೇರಿದೊಂದು ಪದ್ಧತಿ ಐತಿ. ಶುಕ್ರವಾರ ಸಂಜಿಗೊಮ್ಮೆ, ಯಾರ ಮನ್ಯಾಗ ಸಂತೋಷ ಐತಿ, ಯಾರ ಮನ್ಯಾಗ ಸಂಕಟ ಐತಿ, ಅಲ್ಲಿ ಪ್ರಾರ್ಥನಿ ಕೂಟ. ಮದಿವಿ ಆಗಬೇಕನ್ನೋ ಗಂಡುಹುಡುಗ ಆ ಕೂಟದಾಗ ನಿಂತು ಬೈಬಲ್ಲಿಂದ ಒಂದು ವಚನ ಓದಬೇಕು, ಅದಕ್ಕ ಒಂದು ಜೋಡಿ ವಚನ ಹಚ್ಚಬೇಕು, ಅರ್ಥ ಹೇಳಬೇಕು. ಬೈಬಲಿನ ಅಂಚಿನ್ಯಾಗ ಸಣ್ಣ ಅಕ್ಷರ ಇರತಾವಲ್ಲ, ಈ ಮಾತು ತಿಳೀಬೇಕಂದ್ರ ಅಲ್ಲಿ ಹೋಗಿ ಆ ಮಾತು ನೋಡು ಅಂತ? ಅದೇ ಜೋಡಿ ವಚನ. ಅದು ಬರಲಿಲ್ಲಂದ್ರ, ಇಂಥಾವರ ಮದಿವಿ ಐತಿ ಅಂತ ಚರ್ಚಿನ್ಯಾಗ ಸಾರೋ ಚೀಟಿ ಓದಂಗಿಲ್ಲ.

"ಈ ತಿಂಗಳದಾಗ ನಾಕು ಶುಕ್ರವಾರ ಅದಾವು," ಅಂದಳು ರಾಹೇಲವ್ವ. "ಒಂದರಾಗರ ಪಾಸಾಗಲಿ, ಮಗಳ್ನ ಕೊಡತೀನಿ. ಇಲ್ಲಂದ್ರ ಬ್ಯಾರೆ ಊರಿನ ವರ ಐತಿ, ಮುಗೀತು!"

ಮೊದಲನೇ ಶುಕ್ರವಾರ ದಾನಿಯೇಲಪ್ಪನ ಮನ್ಯಾಗ ಕೂಟ. ಮದಿವ್ಯಾಗಿ ಹನ್ನೊಂದು ವರ್ಷಕ್ಕ ಹುಟ್ಟಿದ ಗಂಡುಕೂಸು, ಮನಿ ತುಂಬ ಪಾಯಸದ ವಾಸನಿ.

"ಅವ್ವಾ, ಯಾವ ವಚನ ಓದಲಿ?"

"ಎಲ್ಲಾ ದೇವರ ಮಾತೇ ಅಲ್ಲೇನೋ? ಕಣ್ಣು ಮುಚ್ಚು, ಪುಸ್ತಕ ತೆಗಿ, ಬೆರಳು ಇಟ್ಟಲ್ಲಿ ಓದು!"

ಹೋದ. ನಿಂತ. ಕಣ್ಣು ಮುಚ್ಚಿದ, ಪುಸ್ತಕ ತೆಗದ, ಬೆರಳಿಟ್ಟ. ದೊಡ್ಡ ದನಿಲೆ ಓದಿದ: ಎರಡು ವರ್ಷದೊಳಗಿನ ಗಂಡುಕೂಸು ಒಂದನ್ನೂ ಬಿಡಬ್ಯಾಡ್ರಿ, ಎಲ್ಲಾ ಕೊಲ್ಲಸ್ರಿ ಅಂತ ಅರಸ ಹೆರೋದ ಹುಕುಂ ಮಾಡಿದ!

ಕೂಸಿನ ತಾಯಿ ಕಿಟಾರನೆ ಚೀರಿದಳು. ಇಂವಾ ನಿಂದ್ರತಾನೇನು? ಅಂಚು ನೋಡಿದ, ಹಾಳಿ ತಿರುವಿದ, ಯೆರೆಮೀಯನಿಂದ ಜೋಡಿನೂ ಹಚ್ಚಿದ: ರಾಹೇಲಳು ಮಕ್ಕಳಿಗಾಗಿ ಅಳತಾಳ, ಯಾರು ಸಮಾಧಾನ ಹೇಳಿದ್ರೂ ಕೇಳವಲ್ಲಳು! ಜೋಡಿ ಅಂದ್ರ ಬರೋಬ್ಬರಿ ಜೋಡಿ, ತಪ್ಪು ಹುಡುಕಾಂಗಿಲ್ಲ! ಕೂಸಿನ ಅಜ್ಜಿ ಪಾಯಸದ ಸೌಟು ತಗೊಂಡೇ ಬೆನ್ನು ಹತ್ತಿದಳು. ಮೂಲ್ಯಾಗ ಕುಂತಿದ್ದ ನಮ್ಮ ರಾಹೇಲವ್ವ, "ನನ್ನ ಹೆಸರು ಯಾಕ ತಗದ ಅಂವಾ!" ಅಂತ ಎದಿ ಮ್ಯಾಲೆ ಕೈ ಇಟ್ಟುಕೊಂಡಳು.

"ಅಯ್ಯಯ್ಯೋ ಮೂಳಾ!" ಅಂದಳು ಸುವಾರ್ತವ್ವ. "ಹೆಚ್ಚಿಕೊಳ್ರಿ, ತುಂಬಿಕೊಳ್ರಿ ಅಂತ ದೇವರು ಆಶೀರ್ವಾದ ಮಾಡಿದ್ದು ಓದಬೇಕಿತ್ತು! ಅದಕ್ಕ ಅಬ್ರಹಾಮಂದು ಜೋಡಿ: ಆಕಾಶದ ಚಿಕ್ಕಿಯಂಗ, ಸಮುದ್ರದ ಉಸುಕಿನಂಗ ಎಣಸಾಕ ಬರದಷ್ಟು ಆಗಲಿ ಅಂತ!"

"ಆತವ್ವಾ. ಮುಂದಿನ ಸಲ ಅದೇ."

ಎರಡನೇ ಶುಕ್ರವಾರ ಶದ್ರಕಪ್ಪನ ಮನ್ಯಾಗ. ಪಾಪ, ಶದ್ರಕಪ್ಪಗ ನೆತ್ತಿಯಿಂದ ಅಂಗಾಲ ತನಕ ಗುಳ್ಳಿ ಎದ್ದಿದ್ದವು. ಕುಂಡ್ರಾಕ ಬರವಲ್ದು, ಮಲಗಾಕ ಬರವಲ್ದು, ಬಾಳಿ ಎಲಿ ಮ್ಯಾಲೆ ಬೋರಲ ಬಿದ್ದು ನರಳತಿದ್ದ.

ಇಸಾಕಪ್ಪ ಹತ್ರ ಹೋದ. ಶದ್ರಕಪ್ಪನ ಬೆನ್ನಿನ ಮ್ಯಾಲೆ ಕೈ ಚಾಚಿದ. "ಹೆಚ್ಚಿಕೊಳ್ರಿ! ತುಂಬಿಕೊಳ್ರಿ! ಆಕಾಶದ ಚಿಕ್ಕಿಯಂಗ, ಸಮುದ್ರದ ಉಸುಕಿನಂಗ ಎಣಸಾಕ ಬರದಷ್ಟು ಆಗ್ರಿ!"

ಶದ್ರಕಪ್ಪ ಅಷ್ಟು ನೋವಿನ್ಯಾಗ ತಲಿ ಎತ್ತಿ, "ಏ ಯಾರರೆ ಇಂವನ್ನ ಹೊರಗ ಹಾಕ್ರೋ!" ಅಂದ. ನಾಕು ಮಂದಿ ಎತ್ತಿ ಹೊರಗ ಹಾಕಿದ್ರು.

"ಜಡ್ಡಿನ ಮನ್ಯಾಗ ಅದನ್ನ ಓದತಾರೇನೋ ನನ್ನ ಕರ್ಮವೇ!" ಸುವಾರ್ತವ್ವ ಕಣ್ಣೀರು ಒರಸಿಕೊಂಡಳು. "ಬಿದ್ದಾವರನ್ನ ಎಬ್ಬಸೋ ಮಾತು ಹೇಳಬೇಕಪಾ! ಎದ್ದೇಳು, ನಿನ್ನ ಹಾಸಿಗಿ ಎತ್ತಿಕೊಂಡು ನಡಿ ಅಂತ. ಅದಕ್ಕ ಸತ್ತು ಎದ್ದುಬಂದ ಲಾಜರಂದು ಜೋಡಿ, ಲಾಜರಾ ಹೊರಗ ಬಾ ಅಂತ. ಇನ್ನೆರಡೇ ಶುಕ್ರವಾರ ಉಳದಾವೋ, ನನ್ನ ಜೀವಾ ತಿನಬ್ಯಾಡೋ!"

"ಆತವ್ವಾ. ಬಿದ್ದಾವರಿಗೆ ಅದೇ."

ಮೂರನೇ ಶುಕ್ರವಾರ... ಏನು ಹೇಳಲಿ! ಮುಂಜಾನೆ ಹಿರಿಯ ನೋಹಪ್ಪ ತೀರಿಹೋದ. ಎಂಬತ್ತೆಂಟು ವರ್ಷದ ಮುದುಕ. ಸಂಜಿಗೆ ಮಣ್ಣು, ಕೂಟನೂ ಅಲ್ಲೇ. ಪೆಟಗ್ಯಾಗ ಮಲಗಿಸಿ, ಹೂವು ಏರಿಸಿ, ಮಂದಿ ಸುತ್ತ ನಿಂತು ಅಳತಿದ್ರು. ನಾ ಸಾವಿನ ಗಂಟಿ ಹೊಡದು ಆಗಷ್ಟೇ ಬಂದಿದ್ದೆ.

ಇಸಾಕಪ್ಪ ಮಂದಿ ನೂಕಿಕೊಂಡು ಮುಂದ ಬಂದ. ಪೆಟಗಿ ಕಡೆ ಬಗ್ಗಿ ಗುಡುಗಿದ: "ಎದ್ದೇಳು! ನಿನ್ನ ಹಾಸಿಗಿ ಎತ್ತಿಕೊಂಡು ನಡಿ!"

ಅಳಾವ್ರ ಬಾಯಿ ತೆರದದ್ದು ತೆರದಂಗ ಉಳೀತು.

"ನೋಹಪ್ಪಾ! ಹೊರಗ ಬಾ!"

ಹಿರೀ ಸೊಸಿ ಅಲ್ಲೇ ಬವಳಿ ಬಂದು ಬಿದ್ದಳು. ಇಬ್ಬರು ಮುದುಕರು ಕಿಟಕಿ ಹಾರಿ ಓಡಿದ್ರು. ನಾನೂ ಓಡಿದೆ, ಯಾಕ ಸುಳ್ಳು ಹೇಳಲಿ! ತಿರುಗಿ ಬಂದು ನೋಡಿದ್ರ, ಬಡಿಗ್ಯಾ ಮುಚ್ಚಳ ತಂದಾನ, ಮೊಳಿ ಹೊಡೆಯಾಕ ಇಂವಾ ಬಿಡವಲ್ಲ. ಪೆಟಗಿ ಮ್ಯಾಲೆ ಅಡ್ಡ ನಿಂತಾನ.

"ಸರಿಯೋ ಹುಚ್ಚಾ! ಹೊತ್ತು ಮುಣಗತೈತಿ!"

"ತಡೀರಿ! ಜೋಡಿ ವಚನ ನೋಡ್ರಿ! ಲಾಜರ ಸತ್ತು ನಾಕು ದಿನ ಆಗಿತ್ತು. ನೋಹಪ್ಪಂದು ಬರೇ ಒಂದು ದಿನ. ಇನ್ನ ಮೂರು ದಿನ ಇಟಗೊಳ್ರಿ!"

ಅಯ್ಯನವರೇ ಬಂದು ಕಿವಿ ಹಿಡದು ಜಗ್ಗಬೇಕಾತು. ಜ್ಞಾನಮಿತ್ರ ಅಯ್ಯನವರು, ಶಾಂತ ಮನಿಶಾ. ಅವತ್ತು ಸಿಟ್ಟು ನೆತ್ತಿಗೇರಿತ್ತು. "ಅದನ್ನ ಹೇಳಿದಾಂವ ಯಾರು? ಕರ್ತ! ಹೇಳಿದ್ದು ಯಾರಿಗೆ? ಲಾಜರಗ! ನೀ ಕರ್ತ ಏನು? ಇಂವಾ ಲಾಜರ ಏನು? ಇನ್ನ ಮುಂದ ಬಾಯಿ ತಗಿಯೂಕಿಂತ ಮೊದಲ ಪುಸ್ತಕದಾಗ ನೋಡು: ಯಾರು ಹೇಳ್ಯಾರ, ಯಾರಿಗೆ ಹೇಳ್ಯಾರ! ಯಾರಿಗೆ ಹೇಳಿದ್ದೈತೋ ಅವರಿಗೇ ಹೇಳು!"

"ಆತ್ರಿ ಅಯ್ಯನವರ. ಯಾರು ಹೇಳ್ಯಾರ, ಯಾರಿಗೆ ಹೇಳ್ಯಾರ."

ನಾಕನೇ ಶುಕ್ರವಾರ ರಾಹೇಲವ್ವನ ಮನ್ಯಾಗೇ. ಸುವಾರ್ತವ್ವ ಅವತ್ತು ಬೆಳಗಿನಿಂದ ಉಪವಾಸ. ಲೀದಿಯಾ ಅಡಿಗಿಮನಿ ಬಾಗಲದಾಗ ಉಗುರು ಕಚ್ಚಿಕೊಂತ ನಿಂತಿದ್ದಳು. ಇಂವಾ ಮತ್ತೇನರ ಮಾಡ್ಯಾನು ಅಂತ ಅಂಜಿ ಅಯ್ಯನವರೇ ವಚನ ಆರಿಸಿ ಕೊಟ್ರು: ನಾ ಹಸಿದಿದ್ದೆ, ನನಗ ಊಟ ಕೊಟ್ರಿ.

ಇಸಾಕಪ್ಪ ಓದಿದ. ನಿಂತ. ಬೆರಳು ಎಣಸಿದ. "ಯಾರು ಹೇಳ್ಯಾರ? ಕರ್ತ. ನಾ ಕರ್ತ ಅಲ್ರಿ, ನಾ ಬರೇ ಓದಾಂವ. ಯಾರಿಗೆ ಹೇಳ್ಯಾರ? ಕಡೀ ತೀರ್ಪಿನ ದಿನ ಕರ್ತನ ಬಲಗಡಿಗೆ ಇದ್ದಾವರಿಗೆ." ಬಲಗಡಿಗೆ ತಿರುಗಿದ. ಅಲ್ಲಿ ರಾಹೇಲವ್ವ ಕುಂತಿದ್ದಳು. "ಅತ್ತೀ, ಹಸಿದಾವರಿಗೆ ಊಟ ಕೊಟ್ರಿ. ನೀವು ಆಶೀರ್ವಾದ ಹೊಂದಿದಾಕಿ."

ರಾಹೇಲವ್ವ ಕಣ್ಣು ಪಿಳಿಪಿಳಿ ಬಿಟ್ಟಳು. ಸುವಾರ್ತವ್ವ ಉಸಿರು ಬಿಟ್ಟಳು. ಆದ್ರ ಜೋಡಿ ವಚನ ಬೇಕಲ್ಲ? ಇಂವಾ ಎಡಗಡಿಗೆ ತಿರುಗಿದ. ಎಡಗಡಿಗೆ ಯಾರು ಕುಂತಿದ್ರು? ಅಯ್ಯನವರು, ಸಭೆದ ಹಿರಿಯರಿಬ್ಬರು!

"ಎಡಗಡಿಗೆ ಇದ್ದಾವರಿಗೆ ಕರ್ತ ಹೇಳ್ಯಾರ: ಶಾಪ ಹೊಂದಿದಾವರೇ! ನಾ ಹಸಿದಿದ್ದೆ, ನೀವು ಕೊಡಲಿಲ್ಲ! ಬೆಂಕಿಗೆ ನಡೀರಿ!"

ಹಿರಿಯರು ಧಡಕ್ಕನೆ ಎದ್ದು ನಿಂತ್ರು. ಅಯ್ಯನವರ ಕನ್ನಡಕ ಜಾರಿ ತಾಟಿನ್ಯಾಗ ಬಿತ್ತು. ಹೋತು, ಮದಿವಿ ಹೋತು ಅಂತ ಸುವಾರ್ತವ್ವ ಸೆರಗು ಬಾಯಾಗ ತುರಕಿಕೊಂಡಳು.

ಅಷ್ಟರಾಗ ರಾಹೇಲವ್ವ ನಗಾಕ ಹತ್ತಿದಳು. ಹೊಟ್ಟಿ ಹಿಡಕೊಂಡು ನಕ್ಕಳು! "ಖರೇ ಐತಿ! ಇಪ್ಪತ್ತು ವರ್ಷ ಈ ಹಿರಿಯರಿಗೆ ಕೂಟದ ಊಟ ಹಾಕೀನಿ. ಒಬ್ಬರರ ನನ್ನ ಕರದು ಒಂದು ತುತ್ತು ಹಾಕ್ಯಾರೇನು? ವಚನನೂ ಸರಿ, ಜೋಡಿನೂ ಸರಿ. ಪಾಸ್!"

ಹಿಂಗ ಪಾಸಾದ ನೋಡ್ರಿ.

ಮೂರು ಸಲ ಚೀಟಿ ಓದಿದ್ರು, ಮದಿವಿ ದಿನ ಬಂತು. ನಮ್ಮಲ್ಲೆ ತಾಳಿ ಕಟ್ಟೂಕಿಂತ ಮೊದಲ ಗಂಡು ರೂತಳ ವಚನ ಹೇಳಬೇಕು. ಎಲ್ಲಾ ಮದಿವ್ಯಾಗೂ ಅದೇ: ನೀ ಹೋದಲ್ಲಿ ನಾ ಬರತೀನಿ, ನೀ ಇದ್ದಲ್ಲಿ ನಾ ಇರತೀನಿ, ಸಾವೊಂದೇ ನಮ್ಮನ್ನ ಅಗಲಸಬೇಕು. ಸುವಾರ್ತವ್ವ ಎಂಟು ದಿನ ಕುಂದ್ರಿಸಿ ಬಾಯಿಪಾಠ ಮಾಡಿಸಿದ್ದಳು.

"ಯಾರಿಗೆ ಹೇಳಬೇಕು, ಗೊತ್ತೈತಿಲ್ಲೋ?"

"ಗೊತ್ತೈತವ್ವಾ. ಪುಸ್ತಕದಾಗ ನೋಡೀನಿ."

ಪುಸ್ತಕದಾಗ ನೋಡ್ಯಾನಂತ! ಆವಾಗರ ಆಕಿಗೆ ಅನುಮಾನ ಬರಬಾರದೇನು? ಬರಲಿಲ್ಲ. ಮಗ ಶಾಣ್ಯಾ ಆದ ಅಂತ ಖುಷಿಲೆ ಅತ್ತಳು.

ಚರ್ಚು ತುಂಬಿತ್ತು. ಲೀದಿಯಾ ಮುಸುಕು ಹಾಕ್ಕೊಂಡು ನಿಂತಳು. "ಹೇಳಪಾ," ಅಂದ್ರು ಅಯ್ಯನವರು. ಇಸಾಕಪ್ಪ ಲೀದಿಯಾನ್ನ ನೋಡಿದ. ನೋಡಿ, ಆಕಿನ್ನ ದಾಟಿ ಹೋದ. ಮೊದಲನೇ ಬೆಂಚಿನ ಮುಂದ ನಿಂತ, ರಾಹೇಲವ್ವನ ಎರಡೂ ಕೈ ಹಿಡದ.

"ನೀವು ಹೋದಲ್ಲಿ ನಾ ಬರತೀನಿ! ನೀವು ಇದ್ದಲ್ಲಿ ನಾ ಇರತೀನಿ! ಸಾವೊಂದೇ ನಮ್ಮನ್ನ ಅಗಲಸಬೇಕು!"

ಹಾಡಾವ್ರ ಕೈಯಾಗಿನ ಪುಸ್ತಕ ಪಟಪಟ ಉದುರಿದವು.

"ಲೇ! ಹೆಣ್ಣಿಗೆ ಹೇಳೋ ಅದನ್ನ!" ಅಯ್ಯನವರು ಒದರಿದ್ರು.

"ನೀವೇ ಹೇಳೀರಲ್ರೀ! ಯಾರು ಹೇಳ್ಯಾರ? ಮದಿವ್ಯಾಗಿ ಆ ಮನಿಗೆ ಬಂದ ರೂತ. ನಾನೂ ಮದಿವ್ಯಾಗಿ ಬಂದಾಂವ. ಯಾರಿಗೆ ಹೇಳ್ಯಾಳ? ಗಂಡನ ಅವ್ವಗ, ಅತ್ತಿಗೆ! ಓದಿ ನೋಡ್ರಿ!"

ಅಯ್ಯನವರು ಪುಸ್ತಕ ತಗದ್ರು. ಓದಿದ್ರು. ಮುಖ ಬೆಳ್ಳಗಾತು. ಮೂವತ್ತೊಂದು ವರ್ಷದಾಗ ನಾಕುನೂರು ಜೋಡಿಗೆ ಆ ವಚನ ಹೇಳಿಸ್ಯಾರ, ಯಾರು ಯಾರಿಗೆ ಅಂತ ಒಮ್ಮೆನೂ ನೋಡಿಲ್ಲ! ಗಪ್ಪನೆ ಕೆಳಗ ಕುಂತುಬಿಟ್ರು. ಅತ್ತಾಗ ರಾಹೇಲವ್ವ ಬಿಕ್ಕಿ ಬಿಕ್ಕಿ ಅಳಾಕ ಹತ್ತಿದಳು. ಇದ್ದೊಬ್ಬ ಮಗಳು ಹೊಂಟಾಳ, ನಾಳೆಯಿಂದ ಒಬ್ಬಾಕಿ ಹೆಂಗಿರಲಿ ಅಂತ ಆ ಗಟ್ಟಿಗಿತ್ತಿ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. "ನೀ ಇದ್ದಲ್ಲಿ ಇರತೀನಿ ಅಂತ ನನಗ ಯಾರೂ ಅಂದಿರಲಿಲ್ಲೋ ಯಪ್ಪಾ," ಅಂದಳು.

ಇಲ್ಲಿಗೆ ನಿಂತಿದ್ರ ನೆಟ್ಟಗಿತ್ತು. ನಿಂದ್ರತಾನೇನು? ಜೋಡಿ ವಚನ ಬೇಕಲ್ಲ!

"ಅವ್ವಾ, ಈಗ ನಿನ್ನ ಪಾಳಿ! ಅದೇ ಅಧ್ಯಾಯದಾಗ ಐತಿ, ಅತ್ತಿ ಸೊಸಿಗೆ ಹೇಳತಾಳ: ತಿರುಗಿ ನಿಮ್ಮವ್ವನ ಮನಿಗೆ ಹೋಗು! ಲೀದಿಯಾಗ ಹೇಳವ್ವಾ!"

ಸುವಾರ್ತವ್ವ ಬೆಂಚಿನಿಂದ ಜಾರಿ ನೆಲಕ್ಕ ಬಂದಳು.

ಲೀದಿಯಾ ಮುಸುಕು ಕಿತ್ತು ಹಿಂದ ಒಗದಳು. "ಅಯ್ಯನವರ, ಜಲ್ದಿ ತಾಳಿ ಕಟ್ಟಸ್ರಿ! ಇಂವಾ ಮುಂದಿನ ವಚನ ಓದೂದ್ರೊಳಗ!"

ಅಯ್ಯನವರು ಗಡಬಡಿಸಿ ಎದ್ದು ತಾಳಿ ಕೊಟ್ರು, ಇಸಾಕಪ್ಪ ಕಟ್ಟಿದ. ನಾ ಓಡಿಹೋಗಿ ಗಂಟಿ ಹೊಡದೆ, ಎರಡೂ ಕೈಲೆ ಹೊಡದೆ. ಗಂಟಿ ಗೋಪುರದ ಕಿಟಕ್ಯಾಗ ಬಗ್ಗಿ ನೋಡತೀನಿ: ರಾಹೇಲವ್ವ ಕಣ್ಣು ಒರಸಿಕೊಂತ ತನ್ನ ಮನಿಗೆ ಹೋಗಾಕ ಗಾಡಿ ಹತ್ತಿದಳು. ಹಿಂದಿಂದ ಇಸಾಕಪ್ಪನೂ ಹಾರ ಸಮೇತ ಹತ್ತಿ ಕುಂತ.

"ಎಲ್ಲಿಗೋ!" ಅಂತ ಕೇರಿ ಮಂದಿ ಚೀರಿತು.

"ಅತ್ತಿ ಹೋದಲ್ಲಿ!" ಅಂದ. ಗಾಡಿ ಹೊಂಟೇಬಿಟ್ಟಿತು. ಮದುಮಗಳು ಸೀರಿ ಎತ್ತಿ ಕಟ್ಟಿ, ನಿಲ್ಲಸ್ರೋ ಅಂತ ಒದರಿಕೊಂತ ಗಾಡಿ ಹಿಂದ ಓಡಿದಳು, ಆಕಿ ಹಿಂದ ಸುವಾರ್ತವ್ವ.