ಬಾವುಟವಿಲ್ಲದ ಕಂಬ, ಮಾಳಕ್ಕನ ಮಂಡಿ

ಒಂದಾನೊಂದು ಊರಿನಲ್ಲಿ ಒಂದು ಕಬ್ಬಿಣದ ಕಂಬ ಇತ್ತು. ಯಾವ ಊರು ಅಂತ ಮಾತ್ರ ಕೇಳಬೇಡಿ. ಯಾವುದೋ ದೂರದ ಊರು ಅಂದುಕೊಳ್ಳಿ. ಎಲ್ಲರೂ ಕೈಗೆ ಬೂದಿ ಹಚ್ಚಿಕೊಂಡಿರಾ? ಲೇ, ಆ ಕೊನೆಯವನೇ, ನಗಬೇಡ, ನೀನೂ ಹಚ್ಚಿಕೋ. ಸರಿ, ಈಗ ಕೇಳಿ.

ಆ ಕಂಬ ನೆಡಿಸಿದವನು ಆ ಊರಿನ ರಾಜ. ಬಾವುಟ ಹಾರಿಸಬೇಕು ಅಂತ ಅವನಿಗೆ ಹುಚ್ಚು. ಬಾವುಟ ಬಿಳಿ ಇರಬೇಕು ಅನ್ನೋದು ತೀರ್ಮಾನ ಆಗಿತ್ತು. ಹಾಲಿನ ಬಿಳಿಯೋ ಮಜ್ಜಿಗೆಯ ಬಿಳಿಯೋ ಅನ್ನೋದು ಆಗಿರಲಿಲ್ಲ. ರಾಜ ಬಲಗೈಯಲ್ಲಿ ಒಂದು ಲೋಟ ಹಾಲು, ಎಡಗೈಯಲ್ಲಿ ಒಂದು ಲೋಟ ಮಜ್ಜಿಗೆ ಹಿಡಿದುಕೊಂಡು ಊರೆಲ್ಲ ತಿರುಗೋನು. ಇದನ್ನು ನೋಡೋನು, ಅದನ್ನು ನೋಡೋನು, ನಿಟ್ಟುಸಿರು ಬಿಡೋನು. ನೋಡ್ತಾ ನೋಡ್ತಾ ಅವನ ಗಡ್ಡವೇ ಬೆಳ್ಳಗಾಯಿತು. ಅದು ಮೂರನೇ ಥರದ ಬಿಳಿ. ತಲೆನೋವು ಇನ್ನೂ ಜಾಸ್ತಿ ಆಯಿತು. ಕಂಬ ಬೋಳಾಗಿಯೇ ನಿಂತಿತ್ತು.

ಆ ಊರಿನಲ್ಲಿ ಮಾಳಕ್ಕ ಅಂತ ಒಬ್ಬಳಿದ್ದಳು. ಅವಳ ಗಂಡ ಕೆಂಚಪ್ಪ. ಇಬ್ಬರೂ ಚಾಪೆ ಹೆಣೆಯೋರು. ಬೆಳಗಿಂದ ಬಗ್ಗಿ ಕೂತು ನೆಲ ನೋಡಿ ನೋಡಿ ಮಾಳಕ್ಕನಿಗೆ ಸಾಕಾಗಿತ್ತು. ಒಂದು ಸಂಜೆ ಸೊಂಟ ನೆಟ್ಟಗೆ ಮಾಡೋಣ ಅಂತ ಕಂಬಕ್ಕೆ ಕೈ ಕೊಟ್ಟಳು. ಸುಮ್ಮನೆ ಒಂದು ಸುತ್ತು ತಿರುಗಿದಳು. ಹಾಯೆನಿಸಿತು. ಇನ್ನೊಂದು ಸುತ್ತು ತಿರುಗಿದಳು. ಇನ್ನೂ ಹಾಯೆನಿಸಿತು.

ಮಾರನೆಯ ಸಂಜೆ ಕಾಲೂ ಮೇಲೆತ್ತಿದಳು. ಬಟ್ಟೆ ಜಾರುತ್ತೆ, ಚರ್ಮ ಕಚ್ಚುತ್ತೆ ಅನ್ನೋದು ಅವಳಿಗೆ ಬಿದ್ದೇ ಗೊತ್ತಾಯಿತು. ಸೀರೆಯನ್ನು ಮಂಡಿಯ ಮೇಲಕ್ಕೆ ಕಚ್ಚೆ ಹಾಕಿದಳು. ಕೈ ಬೆವೆತರೆ ಬೂದಿ ಉಜ್ಜಿದಳು. ಹತ್ತಿದಳು, ಜಾರಿದಳು, ಮತ್ತೆ ಹತ್ತಿದಳು. ತೊಡೆಯೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ಕಂದಿಹೋಯಿತು. ಕೆಂಚಪ್ಪ ಗೊಣಗುತ್ತಲೇ ಬಿಸಿ ಎಣ್ಣೆ ತಿಕ್ಕೋನು. ಗೊಣಗುತ್ತಲೇ ತೆಂಗಿನ ಚಿಪ್ಪಿನಲ್ಲಿ ಬೂದಿ ತುಂಬಿಕೊಂಡು ಬಂದು ಕಂಬದ ಕೆಳಗೆ ನಿಲ್ಲೋನು.

"ಬೀಳಬೇಡ ಕಣೇ," ಅನ್ನೋನು.

"ಬಿದ್ದರೆ ಹಿಡಿದುಕೊ," ಅನ್ನೋಳು.

ಊರವರು ಸುಮ್ಮನಿರುತ್ತಾರಾ? "ಮಾಳಕ್ಕಾ, ಇದರಿಂದ ಏನು ಉಪಯೋಗ?" ಅಂದರು.

"ಏನೂ ಇಲ್ಲ. ಖುಷಿಯಾಗುತ್ತೆ," ಅಂದಳು ಮಾಳಕ್ಕ.

"ಏನೂ ಇಲ್ಲವಂತೆ! ಖುಷಿಯಾಗುತ್ತಂತೆ!" ಅಂತ ಬಿದ್ದು ಬಿದ್ದು ನಕ್ಕರು.

ಹೀಗಿರುವಾಗ ಒಂದು ಸಂಜೆ ಮಾಳಕ್ಕ ಕಂಬದ ಅರ್ಧಕ್ಕೆ ಹತ್ತಿ, ಮಂಡಿ ಮಡಚಿ ಕಂಬವನ್ನು ಬಿಗಿಯಾಗಿ ಹಿಡಿದು, ಕೈ ಎರಡೂ ಬಿಟ್ಟು ತಲೆಕೆಳಗಾಗಿ ಜೋತುಬಿದ್ದಳು. ಆಗ ಕಂಬ ಮಾತಾಡಿತು.

ಕಂಬದ ಬಾಯಿ ತಲೆಕೆಳಗಾಗಿತ್ತು ನೋಡಿ. ಅದರ ಮಾತು ತಲೆಕೆಳಗಾದವರಿಗೆ ಮಾತ್ರ ಕೇಳೋದು. ಅದುವರೆಗೆ ಯಾರೂ ತಲೆಕೆಳಗಾಗಿರಲಿಲ್ಲ, ಹಾಗಾಗಿ ಕಂಬ ಮೂಕ ಅಂತಲೇ ಎಲ್ಲರೂ ತಿಳಿದಿದ್ದರು.

"ಮಾಳಕ್ಕಾ, ಈಗ ನೋಡು," ಅಂದಿತು ಕಂಬ.

ಮಾಳಕ್ಕ ನೋಡಿದಳು. ನೆಲ ಮೇಲಿತ್ತು. ಮನೆಗಳು, ಹಸುಗಳು, ಚಿಪ್ಪು ಹಿಡಿದ ಕೆಂಚಪ್ಪ, ಎಲ್ಲರೂ ಬಾವಲಿಗಳ ಹಾಗೆ ನೆಲಕ್ಕೆ ಅಂಟಿಕೊಂಡು ನೇತಾಡುತ್ತಿದ್ದರು. ಕೆಳಗೆ ಆಕಾಶ ಇತ್ತು. ಅದಕ್ಕೆ ತಳ ಇರಲಿಲ್ಲ. ಮಾಳಕ್ಕ ಮಂಡಿಯನ್ನು ಇನ್ನೂ ಬಿಗಿ ಮಾಡಿದಳು.

"ಇವರೆಲ್ಲ ಯಾಕೆ ಬೀಳುತ್ತಿಲ್ಲ?" ಅಂದಳು.

"ನೆಲ ಹಿಡಿದುಕೊಂಡಿದೆ," ಅಂತ ಕಂಬ ಬುಡಕ್ಕೆ ಕೇಳಿಸದ ಹಾಗೆ ತುದಿಯಿಂದ ಪಿಸುಗುಟ್ಟಿತು. "ಆದರೆ ತಾನು ಹಿಡಿದುಕೊಂಡಿದ್ದೀನಿ ಅಂತ ಅದಕ್ಕೇ ಗೊತ್ತಿಲ್ಲ. ನೆಲಕ್ಕೆ ಕಣ್ಣಿಲ್ಲ, ಕಿವಿ ಇದೆ. ಯಾರಾದರೂ ಬಾಯಿಬಿಟ್ಟು ಹೇಳಿದರೆ ಕೇಳಿಸುತ್ತೆ. ಕೇಳಿಸಿದರೆ ಕೈ ನೋವು ನೆನಪಾಗುತ್ತೆ. ನೆನಪಾದರೆ ಬಿಟ್ಟುಬಿಡುತ್ತೆ. ನಿನಗೆ ಗಾಳಿಯಲ್ಲಿ ತಿರುಗೋ ವಿದ್ಯೆ ಪೂರ್ತಿ ಕಲಿಸುತ್ತೀನಿ. ನೀನು ಕಂಡದ್ದನ್ನು ಯಾರಿಗೂ ಹೇಳಕೂಡದು. ಆಯಿತಾ?"

"ಆಯಿತು," ಅಂದಳು ಮಾಳಕ್ಕ.

ಕಂಬ ಮಾತಿಗೆ ತಪ್ಪಲಿಲ್ಲ. ಮಾಳಕ್ಕ ಒಂದೇ ಮಂಡಿಯಲ್ಲಿ ಜೋತುಬಿದ್ದು ಬುಗುರಿಯ ಹಾಗೆ ತಿರುಗೋದು ಕಲಿತಳು. ಆದರೆ ಮನೆಗೆ ಬಂದರೆ ಮೆಲ್ಲಮೆಲ್ಲಗೆ ಹೆಜ್ಜೆ ಇಡೋಳು. ಮಲಗುವಾಗ ಕೆಂಚಪ್ಪನ ಪಂಚೆಯ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕೋಳು.

"ಅಲ್ಲಿಂದ ಏನು ಕಾಣುತ್ತೆ ಹೇಳೇ," ಅನ್ನೋನು ಕೆಂಚಪ್ಪ.

"ಏನೂ ಕಾಣಲ್ಲ."

"ಏನೂ ಕಾಣದೆ ಹೀಗೆ ಬೆಚ್ಚಿಬೀಳ್ತೀಯಾ? ಕಟ್ಟಿಕೊಂಡ ಗಂಡನಿಗೂ ಹೇಳಬಾರದ್ದು ಏನಿದೆ?"

ಕೆಂಚಪ್ಪ ಮುನಿಸಿಕೊಂಡ. ಎಣ್ಣೆ ತಿಕ್ಕೋದು ಬಿಟ್ಟ. ಬೂದಿ ತರೋದು ಬಿಟ್ಟ. ಕಂಬದ ಕೆಳಗೆ ಬಂದು ನಿಲ್ಲೋನು, ಮುಖ ಆ ಕಡೆ ತಿರುಗಿಸಿಕೊಳ್ಳೋನು. ಗಂಡ ಅಂದರೆ ಮಾಳಕ್ಕನಿಗೆ ಅಷ್ಟು ಇಷ್ಟ. ಒಂದು ಸಂಜೆ ತಾಳಲಾರದೆ, ತಲೆಕೆಳಗಾಗಿ ಜೋತುಬಿದ್ದವಳು, ಹಾಗೇ ಕೆಳಕ್ಕೆ ಜಾರಿಬಂದು ಅವನ ಕಿವಿಗೆ ಬಾಯಿಟ್ಟು ಉಸಿರಿನಷ್ಟು ಮೆಲ್ಲಗೆ ಹೇಳಿಬಿಟ್ಟಳು.

ಅವಳು ಮೆಲ್ಲಗೆ ಹೇಳಿದಳು. ಕೆಂಚಪ್ಪನಿಗೆ ಮೆಲ್ಲಗೆ ಕೇಳಿಸಿಕೊಳ್ಳಲು ಬರಬೇಕಲ್ಲ!

"ಅಯ್ಯಯ್ಯೋ! ಹೌದಲ್ಲೇ! ನೆಲ ನಮ್ಮನ್ನು ಹಿಡಿದುಕೊಂಡಿದೆಯಂತೆ!" ಅಂತ ಕೂಗಿದ.

ನೆಲಕ್ಕೆ ಕೇಳಿಸಿತು. ಒಳಗೆಲ್ಲೋ ಗುಂಯ್ ಅಂದಿತು. ಹಸುಗಳು ಮೇಯೋದು ನಿಲ್ಲಿಸಿದವು. ಕೆಂಚಪ್ಪನ ಪಕ್ಕದಲ್ಲಿ ಒಂದು ಕೋಳಿ ಕಾಳು ಹೆಕ್ಕುತ್ತಿತ್ತು. ಮೊದಲು ಅದರ ಕಾಲು ನೆಲ ಬಿಟ್ಟಿತು. ರೆಕ್ಕೆ ಬಡಿಯಲಿಲ್ಲ, ಕೂಗಲಿಲ್ಲ. ಸುಮ್ಮನೆ ಆಕಾಶಕ್ಕೆ ಬಿತ್ತು. ಬೀಳುತ್ತಾ ಬೀಳುತ್ತಾ ಸಾಸಿವೆಯಷ್ಟಾಯಿತು. ಆಮೇಲೆ ಕಾಣಲಿಲ್ಲ. ಅದು ಬಿದ್ದ ಸದ್ದು ಕೇಳುತ್ತೇನೋ ಅಂತ ಇಬ್ಬರೂ ಕಿವಿಗೊಟ್ಟರು. ಕೇಳಲಿಲ್ಲ.

ಆಮೇಲೆ ಕೆಂಚಪ್ಪನ ಕಾಲು ಬಿಟ್ಟಿತು. ಮಾಳಕ್ಕ ಗಪ್ಪನೆ ಅವನ ರಟ್ಟೆ ಹಿಡಿದಳು. ಕೆಂಚಪ್ಪ ಕಾಲು ಆಕಾಶಕ್ಕೆ, ತಲೆ ನೆಲಕ್ಕೆ ಮಾಡಿಕೊಂಡು ನೇತಾಡಿದ.

ಊರವರು ಓಡಿಬಂದರು. "ಕೆಂಚಪ್ಪಾ, ಏನಾಯಿತೋ?" ಅಂದರು.

"ಹೇಳಬೇಡ!" ಅಂತ ಮಾಳಕ್ಕ ಚೀರಿದಳು.

ಆದರೆ ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದು ಕೆಂಚಪ್ಪನಿಗೆ ಅಭ್ಯಾಸವಿಲ್ಲ. ಹೇಳಿದ. ಕೇಳಿದವನ ಕಾಲು ನೆಲ ಬಿಟ್ಟಿತು. ಅವನು ಕೆಂಚಪ್ಪನ ಪಾದ ಹಿಡಿದುಕೊಂಡ. ಅವನನ್ನು ಇನ್ನೊಬ್ಬಳು ಏನಾಯಿತು ಅಂತ ಕೇಳಿದಳು. ಅವನು ಹೇಳಿದ. ಅವಳು ಅವನ ಪಾದ ಹಿಡಿದುಕೊಂಡಳು. ಹೀಗೇ ಊರಿಗೆ ಊರೇ ಒಬ್ಬರ ಪಾದ ಒಬ್ಬರು ಹಿಡಿದುಕೊಂಡು ಆಕಾಶಕ್ಕೆ ಇಳಿಬಿತ್ತು. ಗಾಳಿ ಬೀಸಿತು. ಕಂಬದ ಮೇಲೆ ಜನರ ಸಾಲು ಪಟಪಟ ಹಾರಾಡಿತು.

ರಾಜ ಎರಡು ಲೋಟ ಹಿಡಿದುಕೊಂಡು ಬಂದ. ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

"ಬಾವುಟ! ನನ್ನ ಬಾವುಟ! ಯಾರೂ ಇಳಿಯಕೂಡದು!" ಅಂದ. ಆಮೇಲೆ, "ಇದು ಹೇಗೆ ಹಾರುತ್ತಿದೆ?" ಅಂದ.

ಸಾಲಿನ ತುದಿಯಲ್ಲಿದ್ದವನು, ರಾಜರು ಕೇಳಿದ ಮೇಲೆ ಹೇಳದಿದ್ದರೆ ಹೇಗೆ ಅಂತ, ಹೇಳಿದ. ರಾಜನ ಕಾಲು ನೆಲ ಬಿಟ್ಟಿತು. ಆಕಾಶಕ್ಕೆ ಬೀಳುತ್ತಾ ಬೀಳುತ್ತಾ ತುದಿಯವನ ಪಾದ ರಾಜನ ಮೂಗಿನ ಮುಂದೆಯೇ ಬಂತು. ಹಿಡಿಯಬಹುದಿತ್ತು. ಹಿಡಿಯಬೇಕಾದರೆ ಒಂದು ಲೋಟ ಬಿಡಬೇಕು. ಹಾಲು ಬಿಡೋದೋ, ಮಜ್ಜಿಗೆ ಬಿಡೋದೋ? ರಾಜ ಇದನ್ನು ನೋಡಿದ, ಅದನ್ನು ನೋಡಿದ, ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಸಾಸಿವೆಯಷ್ಟಾದ. ಅವನು ಬಿದ್ದ ಸದ್ದೂ ಕೇಳಲಿಲ್ಲ.

ಇತ್ತ ಮಾಳಕ್ಕನ ಮಂಡಿ ಬೆವರತೊಡಗಿತು. ಇಡೀ ಊರಿನ ಭಾರ ಅವಳ ಒಂದು ಮಂಡಿಯ ಮೇಲೆ.

"ನನ್ನ ಬಿಟ್ಟುಬಿಡು ಕಣೇ. ನಿನ್ನ ಕಾಲು ನಡುಗ್ತಾ ಇದೆ," ಅಂದ ಕೆಂಚಪ್ಪ.

"ಬಾಯಿ ಮುಚ್ಚು," ಅಂತ ಮಾಳಕ್ಕ ಅತ್ತಳು. "ನೀನು ಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ? ಕಂಬವೇ, ನಿನ್ನ ದಮ್ಮಯ್ಯ, ಏನಾದರೂ ಮಾಡು!"

ಕಂಬ ಯೋಚನೆ ಮಾಡಿ ಮತ್ತೆ ತುದಿಯಿಂದಲೇ ಪಿಸುಗುಟ್ಟಿತು. "ನನ್ನ ಬುಡ ನೆಲದ ಕಿವಿಯಲ್ಲೇ ಇದೆ. ನೆಲಕ್ಕೆ ಕತೆ ಅಂದರೆ ಪ್ರಾಣ. ಕತೆ ಕೇಳುತ್ತಾ ಕೈ ನೋವು ಮರೆತು ನಿಮ್ಮನ್ನೆಲ್ಲ ಮತ್ತೆ ಹಿಡಿದುಕೊಳ್ಳುತ್ತೆ. ಆದರೆ ನನಗೆ ಬರೋದು ಒಂದೇ ಕತೆ, ಇದೇ ಕತೆ," ಅಂದಿತು.

"ಇದನ್ನೇ ಹೇಳಿದರೆ ನೆಲಕ್ಕೆ ಗೊತ್ತಾಗಲ್ವಾ?"

"ಊರಿನ ಹೆಸರು ಹೇಳಲ್ಲ. ಯಾವುದೋ ದೂರದ ಊರಿನ ನೆಲ ಅಂದುಕೊಳ್ಳುತ್ತೆ. ಕೊನೆಗೆ ಬಂದಾಗ ಮಾತ್ರ, ಅಯ್ಯೋ ಇದು ನಾನೇ ಅಂತ ಹೊಳೆಯುತ್ತೆ, ಕೈ ಬಿಡುತ್ತೆ. ನಾನು ಮತ್ತೆ ಶುರು ಮಾಡೋ ತನಕ ಎಲ್ಲರೂ ನನ್ನನ್ನು ಹಿಡಿದುಕೊಂಡಿರಬೇಕು. ಹಿಡಿಯೋದು ನೀನು ಕಲಿಸಬೇಕು. ಆಯಿತಾ?"

"ಆಯಿತು," ಅಂದಳು ಮಾಳಕ್ಕ.

ಕಂಬ ಕತೆ ಶುರು ಮಾಡಿತು. ಜನ ಒಬ್ಬೊಬ್ಬರಾಗಿ ನೆಲಕ್ಕೆ ಬಂದರು. ಮಾಳಕ್ಕ ಕಚ್ಚೆ ಕಟ್ಟಿಸಿದಳು, ಬೂದಿ ಹಚ್ಚಿಸಿದಳು, ಮಂಡಿ ಮಡಚೋದು ಕಲಿಸಿದಳು. ಉಪಯೋಗ ಏನು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಬಂತು. ಕೆಂಚಪ್ಪನಿಗೆ ಮಾತ್ರ ಬರಲಿಲ್ಲ. ಅವನ ಮಂಡಿ ಎಲ್ಲಿ ಹಾಕಿದರೂ ಜಾರೋದು. ಮೊದಲ ಸಲ ಕತೆ ಮುಗಿದಾಗ ಮಾಳಕ್ಕ ಅವನ ರಟ್ಟೆ ಹಿಡಿದು ಉಳಿಸಿದಳು. ಆಮೇಲೆ ಒಂದು ಸಲ ಮಣಿಕಟ್ಟು ಸಿಕ್ಕಿತು. ಹೋದ ಸಲ ಬರೀ ಬೆರಳ ತುದಿ ಸಿಕ್ಕಿತು.

ಕಂಬಕ್ಕೂ ಕರುಳು ಅನ್ನೋದು ಇದೆ. ಕತೆಯನ್ನು ಎಳೆಯತೊಡಗಿತು. ಅವನು ಇನ್ನೊಂದು ಗಳಿಗೆ ಅಭ್ಯಾಸ ಮಾಡಲಿ ಅಂತ ರಾಜನಿಗೆ ಗಡ್ಡ ಬೆಳೆಸಿತು. ಇನ್ನೊಂದು ಗಳಿಗೆಗೆ ಅಂತ ಹಸುಗಳನ್ನು ತಂದಿತು. ಇನ್ನು ತರೋದಕ್ಕೆ ಏನೂ ಉಳಿದಿಲ್ಲ. ಕತೆಯ ಕೊನೆ ಬಂದಿದೆ.

ಕೆಂಚಪ್ಪಾ, ನಗೋದು ನಿಲ್ಲಿಸು. ನಿನಗೇ ಹೇಳ್ತಿರೋದು. ಎಡ ಮಂಡಿ ಮಡಚು. ಬಿಗಿ, ಇನ್ನೂ ಬಿಗಿ. ಮಾಳಕ್ಕಾ, ಅವನ ಕೈ ಬಿಡು. ನನ್ನ ಮಾತು ನಂಬು ತಾಯಿ, ಬಿಡು.

ಹಿಡಿದ! ಅಯ್ಯೋ, ನೋಡ್ರೋ, ಜಾರದೆ ನನ್ನನ್ನು ಹಿಡಿದುಕೊಂಡ! ಅಳಲಿ ಬಿಡಿ ಅವಳು, ಎಷ್ಟು ಬೇಕೋ ಅಷ್ಟು ಅಳಲಿ.

ಈ ಕತೆಯ ನೀತಿ ಏನಪ್ಪಾ ಅಂದರೆ, ಉಪಯೋಗ ಏನು ಅಂತ ಕೇಳೋ ಮುಂಚೆ ಕೈಯಲ್ಲಿರೋ ಒಂದು ಲೋಟವನ್ನಾದರೂ ಕೆಳಗಿಡಿ.

ಇನ್ನು ನೀವು. ಹೌದು, ನೀವೇ, ಹೊಸಬರು. ನಿಮ್ಮನ್ನು ಹಿಂದಿನ ಯಾವ ಸುತ್ತಿನಲ್ಲೂ ನಾನು ಕಂಡಿಲ್ಲ. ನನ್ನ ಮಾತು ತಲೆಕೆಳಗಾದವರಿಗೆ ಮಾತ್ರ ಕೇಳೋದು ಅಂತ ಆಗಲೇ ಹೇಳಿದೆ. ನಿಮಗೆ ಮೊದಲಿಂದ ಕೊನೆವರೆಗೂ ಕೇಳಿಸಿತಲ್ಲ. ನೀವು ಏನನ್ನು ಹಿಡಿದುಕೊಂಡಿದ್ದೀರಿ?

ಬೇಗ ಏನಾದರೂ ಹಿಡಿದುಕೊಳ್ಳಿ. ಕತೆ ಮುಗಿಯಿತು, ಕೋಳಿ ಇನ್ನೂ ಬೀಳುತ್ತಲೇ ಇದೆ.